ಕುರ್ಚಿಯಿಂದ ಏಳುವುದು ಹೇಗೆ: ಹೈಟಿಯ ಇನ್ನೂರು ವರ್ಷ

(ಸಕಲೇಶಪುರದ ಹತ್ತಿರದ ಒಂದು ಊರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಗೆ ಅವತ್ತು ಅರ್ಧ ಉತ್ತರ ಮಾತ್ರ ಕೊಡಲು ಸಮಯವಿತ್ತು. ಇಲ್ಲಿ ಅದನ್ನು ಪೂರ್ತಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2021ರ ಜುಲೈ 7. ನಡುರಾತ್ರಿ ಕಳೆದಿತ್ತು. ಕೆರಿಬಿಯನ್ ಸಮುದ್ರದ ಹೈಟಿ ದೇಶದ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ಗೆ ಅಂಟಿಕೊಂಡಂತೆ ಒಂದು ಗುಡ್ಡ ಏರುತ್ತದೆ. ಅಲ್ಲಿ ಅಧ್ಯಕ್ಷ ಜೊವೆನೆಲ್ ಮೊಯಿಸ್ ಅವರ ಮನೆ. ಬಂದೂಕು ಹಿಡಿದವರು ನುಗ್ಗಿ ಅವರನ್ನು ಮನೆಯೊಳಗೇ ಕೊಂದರು. ಹೆಂಡತಿ ಗುಂಡೇಟು ತಿಂದು ಬದುಕುಳಿದರು. ಬಂದವರಲ್ಲಿ ಹೆಚ್ಚಿನವರು ಕೊಲಂಬಿಯಾದ ಮಾಜಿ ಸೈನಿಕರು.

ಆ ಸುದ್ದಿ ಓದುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು. ಬೆಳಗಾದರೆ ಆ ದೇಶಕ್ಕೆ ಅಧ್ಯಕ್ಷ ಯಾರು?

ಯಾವ ದೇಶದಲ್ಲಾದರೂ ಇದಕ್ಕೆ ಉತ್ತರ ಪುಸ್ತಕದಲ್ಲಿ ಬರೆದಿರುತ್ತದೆ. ಹೈಟಿಯಲ್ಲೂ ಬರೆದಿತ್ತು. ಆದರೆ ಎರಡು ಉತ್ತರ ಬರೆದಿತ್ತು. 1987ರ ಸಂವಿಧಾನದ ಪ್ರಕಾರ, ಅಧ್ಯಕ್ಷರ ಸ್ಥಾನ ಖಾಲಿಯಾದರೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರು ಆ ಜಾಗಕ್ಕೆ ಬರಬೇಕು. 2012ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಪ್ರಧಾನಿ ಮತ್ತು ಮಂತ್ರಿಮಂಡಲ ಆಡಳಿತ ನೋಡಿಕೊಳ್ಳಬೇಕು. ಅವಧಿಯ ಕೊನೆಯ ಭಾಗದಲ್ಲಿ ಖಾಲಿಯಾದರೆ ಸಂಸತ್ತು ಸೇರಿ ತಾತ್ಕಾಲಿಕ ಅಧ್ಯಕ್ಷರನ್ನು ಆರಿಸಬೇಕು. ಈ ತಿದ್ದುಪಡಿ ಫ್ರೆಂಚ್ ಭಾಷೆಯಲ್ಲಿ ಮಾತ್ರ ಪ್ರಕಟವಾಗಿತ್ತು. ಜನ ಮನೆಯಲ್ಲಿ ಆಡುವ ಭಾಷೆ ಕ್ರಿಯೋಲ್. ಕ್ರಿಯೋಲ್ ಪ್ರತಿಯಲ್ಲಿ ಹಳೆಯ ಮಾತೇ ಉಳಿದಿತ್ತು.

ಹಳೆಯ ಮಾತನ್ನೇ ಹಿಡಿಯೋಣ ಅಂದರೆ, ಮುಖ್ಯ ನ್ಯಾಯಾಧೀಶರು ಎರಡು ವಾರದ ಹಿಂದೆಯಷ್ಟೇ ಕೋವಿಡ್‌ನಿಂದ ತೀರಿಕೊಂಡಿದ್ದರು. ಹೊಸ ಮಾತು ಹಿಡಿಯೋಣ ಅಂದರೆ, ಪ್ರಧಾನಿ ಯಾರು ಅನ್ನುವುದೇ ಗೊಂದಲ. ಕ್ಲೋಡ್ ಜೋಸೆಫ್ ಹಂಗಾಮಿ ಪ್ರಧಾನಿಯಾಗಿದ್ದರು. ಕೊಲೆಗೆ ಎರಡು ದಿನ ಮೊದಲು ಮೊಯಿಸ್ ಅವರು ಏರಿಯಲ್ ಆನ್ರಿ ಎಂಬ ವೈದ್ಯರನ್ನು ಹೊಸ ಪ್ರಧಾನಿ ಎಂದು ಹೆಸರಿಸಿದ್ದರು. ಆನ್ರಿ ಇನ್ನೂ ಪ್ರಮಾಣವಚನ ತೆಗೆದುಕೊಂಡಿರಲಿಲ್ಲ. ಸರಿ, ಸಂಸತ್ತು ತೀರ್ಮಾನಿಸಲಿ ಅಂದರೆ ಸಂಸತ್ತೇ ಇರಲಿಲ್ಲ. ಚುನಾವಣೆ ನಡೆಯದೆ ಕೆಳಮನೆಯ ಅವಧಿ 2020ರ ಜನವರಿಯಲ್ಲಿ ಮುಗಿದಿತ್ತು. ಮೂವತ್ತು ಸೆನೆಟರುಗಳಲ್ಲಿ ಹತ್ತು ಮಂದಿ ಉಳಿದಿದ್ದರು. ಆ ಹತ್ತರಲ್ಲಿ ಹೆಚ್ಚಿನವರು ಸೇರಿ ಜೋಸೆಫ್ ಲ್ಯಾಂಬರ್ ಎಂಬ ಮೂರನೆಯವರ ಹೆಸರು ಹೇಳಿದರು. ಕೊನೆಗೆ ವಿದೇಶಿ ರಾಯಭಾರಿಗಳ ಗುಂಪು ಆನ್ರಿ ಅವರ ಬೆನ್ನಿಗೆ ನಿಂತಿತು. ಜುಲೈ 20ಕ್ಕೆ ಅವರು ಅಧಿಕಾರ ವಹಿಸಿಕೊಂಡರು. ಅಧ್ಯಕ್ಷರ ಕುರ್ಚಿ ಮಾತ್ರ ಖಾಲಿಯೇ ಉಳಿಯಿತು.

ಇಂಥದ್ದನ್ನು ಓದಿದಾಗ "ಆ ದೇಶದ ಹಣೆಬರಹವೇ ಅಷ್ಟು" ಅನ್ನುವವರನ್ನು ನಾನು ಬಹಳ ಕಂಡಿದ್ದೇನೆ. ಶಾಪ ಅನ್ನುವವರೂ ಇದ್ದಾರೆ. ನನಗೆ ಈ ಮಾತು ಕೇಳಿದರೆ ನೋವಾಗುತ್ತದೆ. ಜಗತ್ತಿನಲ್ಲಿ ಗುಲಾಮರೇ ಎದ್ದು, ಯಜಮಾನರನ್ನು ಸೋಲಿಸಿ, ಸ್ವಂತ ದೇಶ ಕಟ್ಟಿ ಉಳಿಸಿಕೊಂಡದ್ದು ಅಲ್ಲಿ ಮಾತ್ರ. ಅವರ ಕುರ್ಚಿ ಯಾಕೆ ನಿಲ್ಲಲಿಲ್ಲ ಅನ್ನುವುದಕ್ಕೆ ಕಾರಣಗಳಿವೆ. ಅವು ಒಂದೊಂದಾಗಿ ಕಣ್ಣಿಗೆ ಕಾಣುತ್ತವೆ. ಅದನ್ನು ತೋರಿಸಬೇಕು ಅಂತಲೇ ಇವತ್ತು ಬಂದಿದ್ದೇನೆ.

ಮೊದಲಿಂದ ಬರುತ್ತೇನೆ. ಆಗ ಆ ನೆಲದ ಹೆಸರು ಸಾನ್-ದೊಮಾಂಗ್. ಫ್ರಾನ್ಸಿನ ವಸಾಹತು. ಸಕ್ಕರೆ ಮತ್ತು ಕಾಫಿಯಿಂದ ಫ್ರಾನ್ಸಿಗೆ ಅಷ್ಟು ಹಣ ತಂದುಕೊಟ್ಟ ಜಾಗ ಇನ್ನೊಂದಿರಲಿಲ್ಲ. 1791ರ ಆಗಸ್ಟಿನಲ್ಲಿ ಗುಲಾಮರು ಎದ್ದರು. ಅವರ ನಡುವಿನಿಂದ ಬಂದ ದೊಡ್ಡ ನಾಯಕ ಟೂಸಾನ್ ಲೂವೆರ್ಟ್ಯೂರ್. ಆತ 1801ರಲ್ಲಿ ಒಂದು ಸಂವಿಧಾನ ಮಾಡಿಸಿದ. ಅದರಲ್ಲಿ ತಾನು ಬದುಕಿರುವ ತನಕ ತಾನೇ ಗವರ್ನರ್. ತನ್ನ ನಂತರ ಯಾರು ಅನ್ನುವುದನ್ನೂ ತಾನೇ ಗುಟ್ಟಾಗಿ ಬರೆದು, ಮೊಹರು ಹಾಕಿದ ಲಕೋಟೆಯಲ್ಲಿಡಬೇಕು. ಆತ ಸತ್ತ ಮೇಲೆಯೇ ಅದನ್ನು ಒಡೆಯಬೇಕು.

ಆ ಲಕೋಟೆಗೆ ಕೆಲಸವೇ ಬೀಳಲಿಲ್ಲ. 1802ರಲ್ಲಿ ನೆಪೋಲಿಯನ್ನನ ಸೈನ್ಯ ಟೂಸಾನ್‌ನನ್ನು ಮೋಸದಿಂದ ಹಿಡಿದು ಹಡಗು ಹತ್ತಿಸಿತು. ಹತ್ತುವಾಗ ಆತ ಹೇಳಿದ ಎಂದು ಹೆಸರಾದ ಮಾತೊಂದಿದೆ. ನೀವು ಸ್ವಾತಂತ್ರ್ಯದ ಮರದ ಕಾಂಡವನ್ನಷ್ಟೇ ಕಡಿದಿದ್ದೀರಿ, ಅದು ಮತ್ತೆ ಬೇರಿನಿಂದ ಚಿಗುರುತ್ತದೆ, ಬೇರುಗಳು ಬಹಳ ಇವೆ, ಆಳಕ್ಕೆ ಇಳಿದಿವೆ ಅಂತ. 1803ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೆಟ್ಟದ ಕೋಟೆಯೊಂದರ ಚಳಿಯಲ್ಲಿ ಆತ ಸತ್ತ. ಅದೇ ವರ್ಷ ನವೆಂಬರ್‌ನಲ್ಲಿ ಆತನ ಸೇನಾಪತಿ ಜಾನ್-ಜಾಕ್ ದೆಸಾಲಿನ್ ವೆರ್ತಿಯೇರ್ ಎಂಬಲ್ಲಿ ಫ್ರೆಂಚರನ್ನು ಸೋಲಿಸಿದ. 1804ರ ಜನವರಿ 1ಕ್ಕೆ ಹೈಟಿ ಹುಟ್ಟಿತು. ಆ ಮರದ ಮಾತನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ದೆಸಾಲಿನ್ ಚಕ್ರವರ್ತಿಯಾದ. ಆದರೆ 1805ರ ಸಂವಿಧಾನದಲ್ಲಿ ಒಂದು ಸಾಲು ಇದೆ. ಕಿರೀಟ ಆಯ್ಕೆಯಿಂದ ಬರುವಂಥದ್ದು, ವಂಶದಿಂದ ಬರುವಂಥದ್ದಲ್ಲ. ಯೂರೋಪು ತುಂಬ ರಾಜವಂಶಗಳೇ ಇದ್ದ ಕಾಲದಲ್ಲಿ, ನಿನ್ನೆಯವರೆಗೆ ಗುಲಾಮನಾಗಿದ್ದ ಚಕ್ರವರ್ತಿಯ ರಾಜ್ಯದಲ್ಲಿ ಬರೆದ ಸಾಲು ಇದು. ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತು. ಅದೇ ಸಂವಿಧಾನ, ಮುಂದಿನವನನ್ನು ಹೆಸರಿಸುವ ಅಧಿಕಾರವನ್ನೂ ಚಕ್ರವರ್ತಿಗೇ ಕೊಟ್ಟಿತ್ತು. ಕುರ್ಚಿಯಲ್ಲಿ ಕೂತವನು ಬದುಕಿರುವಾಗಲೇ ಎದ್ದು ಹೋಗುವುದು ಹೇಗೆ? ಅದಕ್ಕೆ ಟೂಸಾನ್‌ನ ಸಂವಿಧಾನದಲ್ಲೂ ದಾರಿ ಇರಲಿಲ್ಲ, ಇದರಲ್ಲೂ ಇರಲಿಲ್ಲ. ಹಾಗಾಗಿ ದಾರಿಯನ್ನು ಬಂದೂಕು ಮಾಡಿತು. 1806ರ ಅಕ್ಟೋಬರ್ 17ರಂದು ರಾಜಧಾನಿಯ ಹೊರಗೆ, ಪೊಂ-ರೂಜ್ ಎಂಬ ಸೇತುವೆಯ ಹತ್ತಿರ, ಸ್ವಂತ ಸೈನ್ಯದವರೇ ದೆಸಾಲಿನ್‌ನನ್ನು ಹೊಂಚು ಹಾಕಿ ಕೊಂದರು. ಚೂರಾದ ಆ ದೇಹವನ್ನು ದೆಫಿಲೆ ಎಂಬ ಹೆಂಗಸು ಆಯ್ದುಕೊಂಡು ಹೋಗಿ ಮಣ್ಣು ಮಾಡಿಸಿದಳು ಅಂತ ಜನ ಇವತ್ತಿಗೂ ಹೇಳುತ್ತಾರೆ.

ದೇಶ ಎರಡಾಯಿತು. ಉತ್ತರದಲ್ಲಿ ಆನ್ರಿ ಕ್ರಿಸ್ಟೋಫ್ 1811ರಲ್ಲಿ ರಾಜನಾದ, ವಂಶದ ಕಿರೀಟವನ್ನೇ ಇಟ್ಟುಕೊಂಡ, ಬೆಟ್ಟದ ತುದಿಯಲ್ಲಿ ಸಿಟಾಡೆಲ್ ಎಂಬ ಭಾರೀ ಕೋಟೆ ಕಟ್ಟಿಸಿದ. 1820ರಲ್ಲಿ ಪಾರ್ಶ್ವವಾಯು ಬಡಿಯಿತು. ಸೈನ್ಯ ತಿರುಗಿಬಿತ್ತು. ಆತ ಗುಂಡು ಹಾರಿಸಿಕೊಂಡು ಸತ್ತ. ಹತ್ತು ದಿನದಲ್ಲಿ ಹದಿಹರೆಯದ ಯುವರಾಜನನ್ನೂ ಕೊಂದರು. ದಕ್ಷಿಣದಲ್ಲಿ ಅಲೆಕ್ಸಾಂಡ್ರ್ ಪೆತಿಯೋ ಗಣರಾಜ್ಯದ ಅಧ್ಯಕ್ಷನಾಗಿದ್ದ. ದಕ್ಷಿಣ ಅಮೆರಿಕದ ಸ್ವಾತಂತ್ರ್ಯಕ್ಕೆ ಹೋರಾಡಿ, ಸೋತು ಬಂದ ಬೊಲಿವಾರ್‌ಗೆ ಬಂದೂಕು, ಹಡಗು ಕೊಟ್ಟು, ನಿನ್ನ ನೆಲದ ಗುಲಾಮರನ್ನು ಬಿಡಿಸು ಅಂತ ಕೇಳಿಕೊಂಡವನು ಇವನೇ. 1816ರಲ್ಲಿ ಇವನೂ ಆಜೀವ ಅಧ್ಯಕ್ಷನಾದ. ಎರಡು ವರ್ಷಕ್ಕೆ ಕಾಯಿಲೆಯಿಂದ ತೀರಿಕೊಂಡ. ಆತನ ನಂತರ ಜಾನ್-ಪಿಯೆರ್ ಬೊಯೆ ಜಗಳವಿಲ್ಲದೆ ಬಂದ, ಇಪ್ಪತ್ತೈದು ವರ್ಷ ಆಳಿದ. 1843ರಲ್ಲಿ ದಂಗೆ ಎದ್ದಾಗ ಹಡಗು ಹತ್ತಿ ಹೋದ.

ಬೊಯೆಯ ಕಾಲದಲ್ಲಿ ಆದ ಒಂದು ವಿಷಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. 1825ರ ಜುಲೈ. ಫ್ರಾನ್ಸಿನ ದೊರೆ ಹತ್ತನೇ ಶಾರ್ಲ್ ಹದಿನಾಲ್ಕು ಯುದ್ಧನೌಕೆಗಳ ಜೊತೆ ಒಂದು ಆಜ್ಞೆ ಕಳಿಸಿದ. ನಿಮ್ಮ ಸ್ವಾತಂತ್ರ್ಯವನ್ನು ಒಪ್ಪುತ್ತೇವೆ, ಅದಕ್ಕೆ 15 ಕೋಟಿ ಫ್ರಾಂಕ್ ಕೊಡಿ. ಯಾಕೆ? ತೋಟಗಳನ್ನು ಕಳೆದುಕೊಂಡ ಯಜಮಾನರಿಗೆ ಪರಿಹಾರ. ಆ ಆಸ್ತಿಯಲ್ಲಿ ಮನುಷ್ಯರೂ ಲೆಕ್ಕಕ್ಕೆ ಬಂದಿದ್ದರು. ಅಂದರೆ ಗುಲಾಮರಾಗಿದ್ದವರು, ತಮ್ಮನ್ನು ಬಿಡಿಸಿಕೊಂಡದ್ದಕ್ಕೆ, ಹಿಂದಿನ ಯಜಮಾನರಿಗೆ ಹಣ ಕಟ್ಟಬೇಕು. ಬೊಯೆ ಒಪ್ಪಿದ. ಮೊದಲ ಕಂತು 3 ಕೋಟಿ. ಅದನ್ನು ಕಟ್ಟಲು ಪ್ಯಾರಿಸ್ಸಿನಲ್ಲೇ ಸಾಲ ಮಾಡಿದರು. ಕೈಗೆ ಬಂದದ್ದು 2 ಕೋಟಿ 40 ಲಕ್ಷ. ಉಳಿದದ್ದನ್ನು ಸಾಲ ಕೊಟ್ಟವರು ಮುರಿದುಕೊಂಡರು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೆ ಸಾಲ ತೀರಿಸಲು ಸಾಲ, ಅದಕ್ಕೆ ಇನ್ನೊಂದು ಸಾಲ. ಈ ಸರಪಳಿ 1947ರವರೆಗೆ ಎಳೆಯಿತು. ನಮಗೆ ಸ್ವಾತಂತ್ರ್ಯ ಬಂದ ವರ್ಷ ಅವರು ತಮ್ಮ ಸ್ವಾತಂತ್ರ್ಯದ ಸಾಲ ತೀರಿಸಿ ಮುಗಿಸಿದರು.

ಇದಕ್ಕೂ ಕುರ್ಚಿಗೂ ಏನು ಸಂಬಂಧ? ಹೇಳುತ್ತೇನೆ. ಆ ಸರ್ಕಾರಕ್ಕೆ ವರಮಾನ ಅಂತ ಇದ್ದದ್ದು ಮುಖ್ಯವಾಗಿ ಬಂದರಿನ ಸುಂಕ. ಹೊರಗೆ ಹೋಗುವ ಕಾಫಿಯ ಮೇಲೆ ಸುಂಕ, ಒಳಗೆ ಬರುವ ಬಟ್ಟೆ-ಹಿಟ್ಟಿನ ಮೇಲೆ ಸುಂಕ. ಕಾಫಿ ಬೆಳೆಯುತ್ತಿದ್ದವರು ಗುಡ್ಡಗಾಡಿನ ಸಣ್ಣ ರೈತರು. ಬೆಲೆ ಬಿದ್ದ ವರ್ಷ ಮನೆಯಲ್ಲಿ ಏನಾಗುತ್ತದೆ ಅಂತ ಇಲ್ಲಿ ಕೂತಿರುವ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿ ಮನೆಯ ಜೊತೆಗೆ ಖಜಾನೆಯೂ ಖಾಲಿಯಾಗುತ್ತಿತ್ತು. ಬಂದ ಹಣದಲ್ಲಿ ದೊಡ್ಡ ಪಾಲು ಸಾಲಕ್ಕೆ, ಉಳಿದದ್ದು ಸೈನ್ಯಕ್ಕೆ. ಶಾಲೆಗೂ ರಸ್ತೆಗೂ ಉಳಿಯುತ್ತಿದ್ದದ್ದು ಚೂರುಪಾರು. ಹಳ್ಳಿಗಾಡನ್ನು ಅವರ ಭಾಷೆಯಲ್ಲಿ "ಪೇಯಿ ಅಂದೆಯೊ" ಅನ್ನುತ್ತಾರೆ. ಹೊರಗಿನ ನಾಡು ಅಂತ ಅರ್ಥ. ದೇಶದ ಹೆಚ್ಚಿನ ಜನ ಇದ್ದ ಜಾಗಕ್ಕೇ ಆ ಹೆಸರು.

ಸಂಬಳ ಸಿಗದ ಸೈನಿಕ, ಬೆಲೆ ಸಿಗದ ರೈತ ಇದ್ದ ಕಡೆ ಒಬ್ಬ ಜನರಲ್‌ಗೆ ಕೆಲಸ ಸುಲಭ. ಉತ್ತರದ ಗುಡ್ಡಗಳಲ್ಲಿ ಕಾಕೊ ಎಂಬ ರೈತ-ಸೈನಿಕರ ಗುಂಪುಗಳಿದ್ದವು. ಅಧ್ಯಕ್ಷನಾಗಬೇಕು ಅನ್ನುವವನು ಬಂದರಿನ ವಿದೇಶಿ ವ್ಯಾಪಾರಿಗಳ ಹತ್ತಿರ ಸಾಲ ತೆಗೆಯುತ್ತಿದ್ದ. ಆ ಹಣದಲ್ಲಿ ಕಾಕೊಗಳನ್ನು ಕೂಡಿಸಿ ರಾಜಧಾನಿಯ ಕಡೆ ನಡೆಯುತ್ತಿದ್ದ. ಗೆದ್ದರೆ ಆ ಸಾಲವೂ ಸರ್ಕಾರದ ಲೆಕ್ಕಕ್ಕೆ ಬೀಳುತ್ತಿತ್ತು. ಖಜಾನೆ ಇನ್ನಷ್ಟು ಬರಿದಾಗಿ ಮುಂದಿನವನ ದಾರಿ ಇನ್ನಷ್ಟು ಸಲೀಸು. ಹೀಗೆ ಪ್ರತಿ ಬದಲಾವಣೆಯೂ ಮುಂದಿನ ಬದಲಾವಣೆಗೆ ಬೀಜ ಹಾಕುತ್ತಿತ್ತು.

ಬೊಯೆ ಹೋದ ನಂತರದ ಹೆಸರುಗಳನ್ನೆಲ್ಲ ಹೇಳಿ ನಿಮಗೆ ಬೇಸರ ತರಿಸುವುದಿಲ್ಲ. ಒಂದು ತಂತ್ರವನ್ನು ಮಾತ್ರ ಹೇಳಬೇಕು. ನಗರದ ಪ್ರಬಲರು, ಹೆಚ್ಚಾಗಿ ಮಿಶ್ರ ಬಣ್ಣದ ಸಿರಿವಂತರು, ಮುಪ್ಪಾದ ಕಪ್ಪು ಜನರಲ್ ಒಬ್ಬನನ್ನು ಕುರ್ಚಿಯಲ್ಲಿ ಕೂರಿಸಿ ಹಿಂದಿನಿಂದ ತಾವು ಆಳುತ್ತಿದ್ದರು. 1844ರಲ್ಲಿ ಬಂದ ಫಿಲಿಪ್ ಗೆರಿಯೆ ಎಂಬತ್ತು ದಾಟಿದವರು, ಒಂದು ವರ್ಷವೂ ಕಳೆಯಲಿಲ್ಲ. 1847ರಲ್ಲಿ ಹೀಗೇ ಒಬ್ಬ ಮೆತ್ತಗಿನವನು ಅಂದುಕೊಂಡು ಸೂಲೂಕ್‌ನನ್ನು ತಂದರು. ಎರಡು ವರ್ಷದಲ್ಲಿ ಆತ ಚಕ್ರವರ್ತಿಯಾಗಿ ಕೂತ. 1859ರವರೆಗೆ ಏಳಲಿಲ್ಲ.

1911ರ ಆಗಸ್ಟಿನಿಂದ 1915ರ ಜುಲೈವರೆಗೆ ನಾಲ್ಕು ವರ್ಷ. ಆರು ಅಧ್ಯಕ್ಷರು. ದೆಸಾಲಿನ್‌ನ ವಂಶದ ಲೆಕೋಂತ್ ಅವರು 1912ರಲ್ಲಿ ಅರಮನೆಯಲ್ಲಿದ್ದ ಮದ್ದುಗುಂಡು ಸಿಡಿದು ಅರಮನೆಯ ಜೊತೆಗೇ ಹೋದರು. ಅವರ ನಂತರದವರು ಕಾಯಿಲೆಯಿಂದ ತೀರಿಕೊಂಡರು. ಆಮೇಲಿನ ಮೂವರನ್ನು ಇಳಿಸಿದರು. ಆರನೆಯವರು ವಿಲ್ಬ್ರೂನ್ ಗಿಯೋಮ್ ಸಾಂ. ಅವರ ವಿರುದ್ಧ ದಂಗೆ ಎದ್ದಾಗ ಜೈಲಿನಲ್ಲಿದ್ದ 160ಕ್ಕೂ ಹೆಚ್ಚು ರಾಜಕೀಯ ಕೈದಿಗಳನ್ನು ಕೊಂದುಹಾಕಿದರು. ಸತ್ತವರಲ್ಲಿ ಒಬ್ಬ ಮಾಜಿ ಅಧ್ಯಕ್ಷರೂ ಇದ್ದರು. ಸತ್ತವರ ಮನೆಯವರು ಫ್ರೆಂಚ್ ರಾಯಭಾರ ಕಚೇರಿಗೆ ನುಗ್ಗಿ, ಅಲ್ಲಿ ಅಡಗಿದ್ದ ಸಾಂ ಅವರನ್ನು ಬೀದಿಗೆ ಎಳೆದು ಕೊಂದರು. ಅದು 1915ರ ಜುಲೈ 28. ಅದೇ ದಿನ ಅಮೆರಿಕದ ಸೈನ್ಯ ದಡಕ್ಕೆ ಇಳಿಯಿತು. ಶಾಂತಿ ಕಾಪಾಡಲು ಬಂದೆವು ಅಂದರು. ಅದಕ್ಕೂ ಏಳು ತಿಂಗಳ ಮುಂಚೆ, 1914ರ ಡಿಸೆಂಬರ್‌ನಲ್ಲಿ, ಅದೇ ಅಮೆರಿಕದ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹಡಗಿಗೆ ತುಂಬಿ ನ್ಯೂಯಾರ್ಕಿಗೆ ಸಾಗಿಸಿದ್ದರು. ಇವೆರಡನ್ನೂ ಜೊತೆಯಲ್ಲಿಟ್ಟು ನೋಡಬೇಕು.

ಅವರು ಹತ್ತೊಂಬತ್ತು ವರ್ಷ ಇದ್ದರು. ಸುಂಕದ ಕಟ್ಟೆ ಅವರ ಕೈಯಲ್ಲಿ, ಅಧ್ಯಕ್ಷರೂ ಅವರು ಒಪ್ಪಿದವರೇ. 1934ರಲ್ಲಿ ಹೊರಟರು. ನಂತರದ ಜಗಳಗಳಲ್ಲಿ ಒಂದು ವಿಚಿತ್ರ ಸಾಮ್ಯ ಇದೆ. ಅಧ್ಯಕ್ಷ ಲೆಸ್ಕೊ ಅವಧಿ ಉದ್ದ ಮಾಡಿಕೊಂಡರು, 1946ರಲ್ಲಿ ಬಿದ್ದರು. ಎಸ್ತಿಮೆ ಮತ್ತೆ ನಿಲ್ಲಲು ಸಂವಿಧಾನ ತಿದ್ದಲು ಹೊರಟರು, 1950ರಲ್ಲಿ ಬಿದ್ದರು. ಮಾಗ್ಲ್ವಾರ್ ಅವರ ಅವಧಿ ಮುಗಿಯುವುದು 1956ಕ್ಕೋ 1957ಕ್ಕೋ ಅಂತ ಜಗಳ ಬಂತು, ಅವರೂ ಬಿದ್ದರು. ಎಲ್ಲ ಕಡೆಯೂ ಪ್ರಶ್ನೆ ಒಂದೇ. ಇವರು ಏಳಬೇಕಾದ ದಿನ ಯಾವುದು?

1957ರಲ್ಲಿ ಫ್ರಾನ್ಸ್ವಾ ದುವಾಲಿಯೆ ಚುನಾವಣೆ ಗೆದ್ದರು. ಹಳ್ಳಿಗಳಲ್ಲಿ ಚರ್ಮರೋಗಕ್ಕೆ ಮದ್ದು ಕೊಡುತ್ತಿದ್ದ ಡಾಕ್ಟರು. ಜನ ಪಾಪಾ ಡಾಕ್ ಅಂದರು. ಈ ಮನುಷ್ಯ ಇತಿಹಾಸವನ್ನು ಚೆನ್ನಾಗಿ ಓದಿಕೊಂಡಿದ್ದರು. ಅಧ್ಯಕ್ಷರನ್ನು ಇಳಿಸುವುದು ಸೈನ್ಯ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಸೈನ್ಯಕ್ಕೆ ಎದುರಾಗಿ ತೊಂತೊ ಮಕೂತ್ ಎಂಬ ಸ್ವಂತ ಪಡೆ ಕಟ್ಟಿದರು. ಮಕ್ಕಳನ್ನು ಗೋಣಿಚೀಲದಲ್ಲಿ ಹೊತ್ತೊಯ್ಯುವ ಗುಮ್ಮನ ಹೆಸರು ಅದು. ರಾತ್ರಿ ಅವರು ಕರೆದೊಯ್ದವರು ಎಷ್ಟೋ ಮಂದಿ ಮನೆಗೆ ಮರಳಲೇ ಇಲ್ಲ. 1964ರಲ್ಲಿ ಪಾಪಾ ಡಾಕ್ ಆಜೀವ ಅಧ್ಯಕ್ಷರಾದರು. 1971ರ ಜನವರಿಯಲ್ಲಿ ಸಂವಿಧಾನ ತಿದ್ದಿ, ಅಧ್ಯಕ್ಷರಾಗಲು ಬೇಕಾದ ವಯಸ್ಸನ್ನು 40ರಿಂದ 18ಕ್ಕೆ ಇಳಿಸಿದರು. ಏಪ್ರಿಲ್‌ನಲ್ಲಿ ತೀರಿಕೊಂಡರು. 19 ವರ್ಷದ ಮಗ ಜಾನ್-ಕ್ಲೋಡ್ ಕುರ್ಚಿಯಲ್ಲಿ ಕೂತ.

ಹೈಟಿಯಲ್ಲಿ ತಂದೆಯಿಂದ ಮಗನಿಗೆ ನೇರವಾಗಿ ಅಧಿಕಾರ ಹೋದದ್ದು ಇದೊಂದೇ ಸಲ. ಬೀದಿಯಲ್ಲಿ ಸದ್ದಿರಲಿಲ್ಲ. ಆ ಮೌನದ ಹಿಂದೆ ಹದಿನಾಲ್ಕು ವರ್ಷದ ಹೆದರಿಕೆ ಇತ್ತು. ಕುರ್ಚಿ ಅಲುಗಾಡದೆ ಇದ್ದರೆ ಸಾಕು ಅನ್ನುವವರಿಗೆ ನಾನು ಈ ದಿನವನ್ನು ನೆನಪಿಸುತ್ತೇನೆ.

1986ರ ಫೆಬ್ರವರಿ 7ರಂದು ಮಗನೂ ದೇಶ ಬಿಟ್ಟು ಓಡಿಹೋದ. ಆಗ ಜನ ಬಳಸಿದ ಪದ "ದೆಶೂಕಾಜ್". ಹೊಲದಲ್ಲಿ ಮರ ಕಡಿದ ಮೇಲೆ ಬೊಡ್ಡೆ ಉಳಿಯುತ್ತದಲ್ವಾ, ಅದನ್ನು ಬೇರುಸಮೇತ ಅಗೆದು ಕೀಳುವ ಕೆಲಸಕ್ಕೆ ರೈತರು ಹೇಳುವ ಮಾತು. ಮಕೂತ್‌ಗಳ ಮನೆಗಳನ್ನು ಕಿತ್ತರು, ಪಾಪಾ ಡಾಕ್‌ನ ಗೋರಿಯನ್ನೂ ಒಡೆದರು. ಟೂಸಾನ್ ಬೇರು ಉಳಿಯುತ್ತದೆ ಅಂತ ಧೈರ್ಯ ಹೇಳಿದ್ದ. ಇವರಿಗೆ ಬೇರು ಉಳಿದರೆ ಮತ್ತೆ ಅದೇ ಚಿಗುರುತ್ತದೆ ಅನ್ನುವ ಭಯ. ಎರಡೂ ಮಾತು ಒಂದೇ ನೆಲದ್ದು. ಎರಡಕ್ಕೂ ನಾನು ತಲೆಬಾಗುತ್ತೇನೆ.

1987ರ ಮಾರ್ಚ್‌ನಲ್ಲಿ ಬಂದ ಸಂವಿಧಾನ ಈ ಭಯದಿಂದಲೇ ಹುಟ್ಟಿತು. ಐದು ವರ್ಷದ ಅವಧಿ. ಬೆನ್ನುಬೆನ್ನಿಗೆ ಎರಡನೇ ಸಲ ಇಲ್ಲ. ಅಧಿಕಾರ ಕೈ ಬದಲಾಗುವ ದಿನ ಫೆಬ್ರವರಿ 7. ಏಳಬೇಕಾದ ದಿನವನ್ನು ಕ್ಯಾಲೆಂಡರಿನಲ್ಲೇ ಬರೆದಿಟ್ಟರು. ಆದರೂ ಮೊದಲ ಮೂರು ವರ್ಷ ಹೆಚ್ಚಾಗಿ ಸೈನ್ಯದ ಜನರಲ್‌ಗಳೇ ಬಂದು ಹೋದರು. 1990ರಲ್ಲಿ ಎರ್ತಾ ಪಾಸ್ಕಲ್-ತ್ರೂಯೋ ಎಂಬ ನ್ಯಾಯಾಧೀಶೆ ಹಂಗಾಮಿ ಅಧ್ಯಕ್ಷೆಯಾಗಿ ಚುನಾವಣೆ ನಡೆಸಿಕೊಟ್ಟರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು. ಬಡವರ ಪಾದ್ರಿ ಜಾನ್-ಬರ್ತ್ರಾಂಡ್ ಅರಿಸ್ಟೀಡ್ ಮೂರರಲ್ಲಿ ಎರಡು ಪಾಲು ಮತ ಪಡೆದು ಗೆದ್ದರು. ಎಂಟು ತಿಂಗಳಲ್ಲೇ ಸೈನ್ಯ ಅವರನ್ನು ಓಡಿಸಿತು. 1994ರಲ್ಲಿ ಅಮೆರಿಕದ ಸೈನ್ಯದ ಜೊತೆ ಮರಳಿದರು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ಕೇಳಿದರು. "ಅಲ್ಲಪ್ಪಾ, ಒಬ್ಬರಾದರೂ ಅವಧಿ ಮುಗಿಸಿ ಸುಮ್ನೆ ಎದ್ದು ಮನೆಗೆ ಹೋದವರು ಇಲ್ವಾ?"

ಇದ್ದಾರೆ ಅಮ್ಮ. 1874ರಲ್ಲಿ ನಿಸಾಜ್ ಸಾಜೆ ಎಂಬ ಅಧ್ಯಕ್ಷರು ನಾಲ್ಕು ವರ್ಷ ಮುಗಿದ ದಿನ ಕುರ್ಚಿ ಬಿಟ್ಟು, ತಮ್ಮೂರು ಸಾನ್-ಮಾರ್ಕ್‌ಗೆ ಹೋಗಿ ಕೊನೆತನಕ ಅಲ್ಲೇ ಇದ್ದರು. ಆಮೇಲೆ ಬಹಳ ಕಾಲ ಕಾಯಬೇಕಾಯಿತು. 1996ರಲ್ಲಿ ಅರಿಸ್ಟೀಡ್ ಅವರ ಬೆಂಬಲಿಗರು, ದೇಶದ ಹೊರಗೆ ಕಳೆದ ಮೂರು ವರ್ಷವನ್ನು ಅವಧಿಗೆ ಸೇರಿಸಿಕೊಡಿ ಅಂತ ಒತ್ತಾಯಿಸಿದರು. ಕೇಳುವುದರಲ್ಲಿ ನ್ಯಾಯವೂ ಇತ್ತು. ಅರಿಸ್ಟೀಡ್ ಅದಕ್ಕೆ ಹಟ ಹಿಡಿಯದೆ ಫೆಬ್ರವರಿ 7ಕ್ಕೆ ರೆನೆ ಪ್ರೆವಾಲ್ ಅವರಿಗೆ ಅಧಿಕಾರ ಕೊಟ್ಟರು. ಮತದಿಂದ ಬಂದವರು ಮತದಿಂದ ಬಂದವರಿಗೆ ಶಾಂತವಾಗಿ ಬಿಟ್ಟುಕೊಟ್ಟದ್ದು ಅದೇ ಮೊದಲು.

ಪ್ರೆವಾಲ್ ಕೃಷಿ ಓದಿದವರು. ದೊಡ್ಡ ಭಾಷಣಗಾರರಲ್ಲ. ಅವರ ಆಡಳಿತದಲ್ಲಿ ಕೊರತೆಗಳಿದ್ದವು, 1999ರಿಂದ ಕೆಲವು ಕಾಲ ಸಂಸತ್ತಿಲ್ಲದೆಯೇ ಆಳಿದರು. ಆದರೆ 2001ರಲ್ಲಿ ಅವಧಿ ಮುಗಿದಾಗ ಉತ್ತರದ ಮಾರ್ಮಲಾಡ್ ಎಂಬ ಊರಿಗೆ ಹೋದರು. ಅಲ್ಲಿ ಜನರ ಜೊತೆ ಬಿದಿರು ಬೆಳೆಸುವ ಕೆಲಸ ಹಿಡಿದರು. ಅವರ ನಂತರ ಮತ್ತೆ ಅಧ್ಯಕ್ಷರಾಗಿದ್ದ ಅರಿಸ್ಟೀಡ್ ಅವರನ್ನು 2004ರಲ್ಲಿ ಇನ್ನೊಮ್ಮೆ ದೇಶದಿಂದ ಕಳಿಸಿದ ಮೇಲೆ, 2006ರಲ್ಲಿ ಜನ ಪ್ರೆವಾಲ್ ಅವರನ್ನು ಆರಿಸಿದರು. 2010ರ ಜನವರಿ 12ರ ಭೂಕಂಪದಲ್ಲಿ ಅರಮನೆ ಕುಸಿಯಿತು. ಆ ಅವಶೇಷವನ್ನು ಕೆಡವಿದ ಜಾಗದಲ್ಲಿ ಇನ್ನೂ ಅರಮನೆ ಎದ್ದಿಲ್ಲ. ಚುನಾವಣೆ ತಡವಾದ್ದರಿಂದ ಮೂರು ತಿಂಗಳು ಜಾಸ್ತಿ ಇದ್ದು, 2011ರ ಮೇನಲ್ಲಿ ಗಾಯಕ ಮಿಷೆಲ್ ಮಾರ್ತೆಲಿ ಅವರಿಗೆ ಅಧಿಕಾರ ಕೊಟ್ಟು ಹೊರಟರು. ಮಾರ್ತೆಲಿ ವಿರೋಧ ಪಕ್ಷದವರು.

ಮಾರ್ತೆಲಿ 2016ರ ಫೆಬ್ರವರಿ 7ಕ್ಕೆ ಎದ್ದು ಹೋದರು, ಆದರೆ ಕೂರಲು ಯಾರೂ ಇರಲಿಲ್ಲ. ಚುನಾವಣೆಯ ಎರಡನೇ ಸುತ್ತು ಮುಂದಕ್ಕೆ ಹೋಗಿತ್ತು, ಆಮೇಲೆ ಮೊದಲ ಸುತ್ತಿನ ಫಲಿತಾಂಶವೂ ರದ್ದಾಯಿತು. ಮರುಚುನಾವಣೆಯಲ್ಲಿ ಗೆದ್ದ ಮೊಯಿಸ್ 2017ರಲ್ಲಿ ಬಂದರು. ಅವರ ಐದು ವರ್ಷವನ್ನು 2016ರಿಂದ ಎಣಿಸಬೇಕೋ 2017ರಿಂದ ಎಣಿಸಬೇಕೋ? ಮಾಗ್ಲ್ವಾರ್ ಕಾಲದ ಜಗಳವೇ ಮತ್ತೆ ಬಂತು. ಆ ಜಗಳ ಮುಗಿಯುವ ಮೊದಲೇ ಕೊಲೆಗಾರರು ಬಂದರು. 2024ರಲ್ಲಿ ಗ್ಯಾಂಗುಗಳು ರಾಜಧಾನಿಯನ್ನು ಸುತ್ತುವರಿದಾಗ ಹೊರದೇಶದಲ್ಲಿದ್ದ ಏರಿಯಲ್ ಆನ್ರಿ ಮರಳಲಾಗದೆ ರಾಜೀನಾಮೆ ಕೊಟ್ಟರು. ಒಬ್ಬ ಅಧ್ಯಕ್ಷರ ಬದಲು ಒಂಬತ್ತು ಮಂದಿಯ ಮಂಡಳಿ ಬಂತು. ಅದಕ್ಕೂ ಕೊನೆಯ ದಿನ ಅಂತ ಗೊತ್ತುಮಾಡಿದ್ದು ಫೆಬ್ರವರಿ 7ನ್ನೇ, 2026ರದ್ದು. ಈ ನಡುವೆ 10 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಬೇಕಾಯಿತು.

ಪ್ರೆವಾಲ್ ವಿಷಯ ಮುಗಿಸುತ್ತೇನೆ ಅಮ್ಮ. ಜನರ ಮತದಿಂದ ಎರಡು ಸಲ ಆರಿಸಿ ಬಂದು, ಎರಡೂ ಅವಧಿ ಮುಗಿಸಿ, ಎರಡೂ ಸಲ ಮುಂದಿನವರಿಗೆ ಕುರ್ಚಿ ಕೊಟ್ಟವರು ಅವರೊಬ್ಬರೇ. ಅವರು ತೀರಿಕೊಂಡದ್ದು 2017ರ ಮಾರ್ಚ್ 3ರಂದು, ಸ್ವಂತ ದೇಶದಲ್ಲೇ. ಆಗ ಜೊವೆನೆಲ್ ಮೊಯಿಸ್ ಅಧಿಕಾರಕ್ಕೆ ಬಂದು ಒಂದು ತಿಂಗಳೂ ಆಗಿರಲಿಲ್ಲ.